ಗೆಳತಿಯ ಆರತಕ್ಷತೆಗೆ ಕಸೂತಿ ಕೇಕ್: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

"ನಿನ್ನ ಮದುವೆ ಕೇಕ್ ನಾನೇ ಮಾಡ್ತೀನಿ" ಎಂದು ಗೆಳತಿಗೆ ಮಾತು ಕೊಟ್ಟವರು ಅದೇ ರಾತ್ರಿ ಫೋನಿನಲ್ಲಿ ಚಿತ್ರ ಹುಡುಕಲು ಕೂರುತ್ತಾರೆ. ಆ ಚಿತ್ರಗಳಲ್ಲಿ ಹೆಚ್ಚಿನವು ಚಳಿ ದೇಶದವು, ಇಲ್ಲವೇ ಎಸಿ ಕೋಣೆಯಲ್ಲಿ ತೆಗೆದವು. ನಮ್ಮ ಕಲ್ಯಾಣ ಮಂಟಪದಲ್ಲಿ ಕೇಕ್ ಸಂಜೆ ಆರಕ್ಕೆ ಮೇಜಿನ ಮೇಲೆ ಬಂದರೆ, ಗಂಡು-ಹೆಣ್ಣು ಅಲಂಕಾರ ಮುಗಿಸಿ ವೇದಿಕೆ ಹತ್ತುವುದು ಎಂಟಕ್ಕೆ. ಅಲ್ಲಿಯವರೆಗೆ ಕೇಕು ವಿಡಿಯೋದವರ ದೀಪದ ಕೆಳಗೆ ಬೆವರುತ್ತ ನಿಂತಿರುತ್ತದೆ. ಆ ಎರಡು ಗಂಟೆ ತಡೆದುಕೊಳ್ಳುವ ಕೇಕ್ ಯಾವುದು ಎಂಬಲ್ಲಿಂದ ಲೆಕ್ಕ ಶುರುವಾಗಬೇಕು. ಚಂದ ಆಮೇಲೆ.

ಇಲ್ಲಿ ನಾನು ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ: ಧಾರವಾಡದ ಹುಡುಗಿ, ಏಪ್ರಿಲ್ ತಿಂಗಳ ಆರತಕ್ಷತೆ, ಎಸಿ ಇಲ್ಲದ ಮಂಟಪ, ಇಳಕಲ್ ಸೀರೆ ಮತ್ತು ಕಸೂತಿಯ ಥೀಮ್. ನಿಮ್ಮ ಊರು, ತಿಂಗಳು, ಥೀಮ್ ಬೇರೆ ಇರಬಹುದು. ಆಯ್ಕೆಗಳನ್ನು ತೂಗುವ ಕ್ರಮ ಬದಲಾಗುವುದಿಲ್ಲ.

ಇಡೀ ಸೀರೆಯೋ, ಅಂಚೋ, ಒಂದು ಚಿತ್ತಾರವೋ

ಸೀರೆಯ ಥೀಮ್ ಎಂದಕೂಡಲೇ ಬಹಳ ಜನ ಫಾಂಡೆಂಟ್ ಎಂಬ ಸಕ್ಕರೆ ಹಿಟ್ಟನ್ನು ಲಟ್ಟಿಸಿ, ನೆರಿಗೆ ಹಿಡಿದು, ಸೆರಗು ಇಳಿಬಿಡುತ್ತಾರೆ. ಫೋಟೋದಲ್ಲಿ ಅದು ಚೆನ್ನಾಗಿ ಕಾಣುವುದು ನಿಜ. ಆದರೆ ನೆರಿಗೆಯ ತುದಿ ಒಣಗಿ ಮುರಿಯುತ್ತದೆ, ಇಳಿಬಿಟ್ಟ ಸೆರಗು ತನ್ನ ಭಾರಕ್ಕೇ ಜಗ್ಗುತ್ತದೆ, ತಿನ್ನುವವರ ತಟ್ಟೆಗೆ ಬೆರಳು ದಪ್ಪದ ಸಕ್ಕರೆ ಹಿಟ್ಟು ಬೀಳುತ್ತದೆ. ಎರಡನೆಯ ದಾರಿ ದಡಿಯನ್ನು ಮಾತ್ರ ತೆಗೆದುಕೊಳ್ಳುವುದು. ಪ್ರತಿ ಅಂತಸ್ತಿನ ಬುಡಕ್ಕೆ ಒಂದು ಪಟ್ಟಿ, ಅಷ್ಟೇ. ಇದು ಸುಲಭ, ಆದರೆ ದೂರದಿಂದ ನೋಡಿದವರಿಗೆ ರಿಬ್ಬನ್ ಕಟ್ಟಿದಂತೆ ಕಾಣುತ್ತದೆ. ಇಳಕಲ್ ಎಂದು ಯಾರಿಗೂ ಹೊಳೆಯುವುದಿಲ್ಲ.

ನನ್ನ ಮತ ಮೂರನೆಯದಕ್ಕೆ: ಸಾದಾ ಮೈ, ಅದರ ಮೇಲೆ ಕಸೂತಿಯ ಒಂದೇ ಚಿತ್ತಾರದ ಸಾಲು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಕಸೂತಿಯಲ್ಲಿ ಇವೆ. ಎಲ್ಲವನ್ನೂ ಒಂದೇ ಕೇಕಿಗೆ ತುರುಕಬೇಡಿ. ಗೋಪುರ ಆರಿಸಿದರೆ ಗೋಪುರವೇ ಸುತ್ತಲೂ ಬರಲಿ. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅಲ್ಲಿ ಬಳುಕುವ ಗೆರೆಯೇ ಇಲ್ಲ. ಅಡ್ಡ, ಉದ್ದ, ಓರೆ ಇಷ್ಟೇ. ಅಂದರೆ ಇಡೀ ವಿನ್ಯಾಸವನ್ನು ಗ್ರಾಫ್ ಹಾಳೆಯಲ್ಲಿ ಮೊದಲೇ ಬರೆದುಕೊಳ್ಳಬಹುದು. ಗುಲಾಬಿ ಬಿಡಿಸಲು ಕೈ ಪಳಗಿರಬೇಕು, ಗೋಪುರಕ್ಕೆ ಎಣಿಕೆ ಬಂದರೆ ಸಾಕು.

ಅಳತೆಯ ಲೆಕ್ಕ ಮುಂಚೆಯೇ ಮಾಡಿ. 8 ಇಂಚಿನ ಕೇಕಿನ ಸುತ್ತಳತೆ ಸುಮಾರು 64 ಸೆಂಟಿಮೀಟರ್. 8 ಸೆಂ.ಮೀ. ಅಗಲದ ಗೋಪುರ ಬಿಡಿಸಿದರೆ ಸುತ್ತಲೂ ಎಂಟು ಬರುತ್ತವೆ. ಹೊದಿಕೆ ಹಾಕಿದ ಮೇಲೆ ಸುತ್ತಳತೆ ಒಂದೆರಡು ಸೆಂಟಿಮೀಟರ್ ಹಿಗ್ಗುವುದರಿಂದ, ಆಗ ಕಾಗದದ ಪಟ್ಟಿ ಸುತ್ತಿ ಅಳೆದು, ಪಟ್ಟಿಯನ್ನು ಮೂರು ಸಲ ಅರ್ಧಕ್ಕೆ ಮಡಿಚಿದರೆ ಎಂಟು ಸಮಭಾಗ ಸಿಗುತ್ತದೆ. ಇದನ್ನು ಮಾಡದೆ ಕಣ್ಣಂದಾಜಿನಲ್ಲಿ ಹೊರಟವರ ಕೇಕಿನ ಹಿಂಬದಿಯಲ್ಲಿ ಯಾವಾಗಲೂ ಅರ್ಧ ಗೋಪುರ ಒಂದು ಇರುತ್ತದೆ.

ಹೊದಿಕೆ: ನಾಲ್ಕರಲ್ಲಿ ಯಾವುದು?

ಉಳಿದೆಲ್ಲ ಆಯ್ಕೆ ಇದನ್ನೇ ನೆಚ್ಚಿಕೊಂಡಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ವಿಪ್ಪಿಂಗ್ ಕ್ರೀಮ್ ನಮ್ಮ ಬೇಕರಿಗಳ ಹಳೆಯ ಗೆಳೆಯ. ಇಲ್ಲಿ ಹೆಚ್ಚಾಗಿ ಸಿಗುವುದು ಹಾಲಿನದಲ್ಲ, ವನಸ್ಪತಿ ಕೊಬ್ಬಿನದು. ಹಗುರ, ಸಿಹಿ ಹದ, ಎಲ್ಲರಿಗೂ ಅಭ್ಯಾಸವಾದ ರುಚಿ. ಹುಟ್ಟುಹಬ್ಬಕ್ಕೆ ಇದಕ್ಕಿಂತ ಬೇರೆ ಬೇಡ. ಆದರೆ ಅದರಲ್ಲಿ ನೀರಿನಂಶ ಬಹಳ. ಮೇಲೆ ಅಂಟಿಸಿದ ಫಾಂಡೆಂಟ್ ಗೊಂಬೆ ಕರಗಿ ಜಾರುತ್ತದೆ, ಸಕ್ಕರೆ ಗೆರೆ ಹರಡುತ್ತದೆ, ತಿನ್ನಬಹುದಾದ ವೇಫರ್ ಕಾಗದ ಮುದುಡುತ್ತದೆ. ಸೂಕ್ಷ್ಮ ಗೆರೆಯ ಥೀಮಿಗೆ ಇದು ಹೊಂದುವುದಿಲ್ಲ. ಅಂದಹಾಗೆ, ಅಂಗಡಿಯಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮ್ ತಂದು ಕಡೆಯಲು ಕೂರಬೇಡಿ. ಅದರಲ್ಲಿ ಕೊಬ್ಬು ಶೇ. 25 ಮಾತ್ರ, ಎಷ್ಟು ಕಡೆದರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದರ ಉಪಯೋಗ ಗನಾಶ್‌ಗೆ ಇದೆ, ಮುಂದೆ ಬರುತ್ತದೆ.

ಬಟರ್‌ಕ್ರೀಮ್ ಎರಡು ಬಗೆ. ಬೆಣ್ಣೆಗೆ ಎರಡು ಪಾಲು ಐಸಿಂಗ್ ಶುಗರ್ ಸೇರಿಸಿ ಕಡೆಯುವುದು ಅಮೆರಿಕನ್ ಬಗೆ. ಮಾಡುವುದು ಸುಲಭ, ಬಾಯಿಗೆ ಬರೀ ಸಕ್ಕರೆ. ಮೊಟ್ಟೆಯ ಬಿಳಿ ಮತ್ತು ಸಕ್ಕರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸುಮಾರು 70 ಡಿಗ್ರಿಗೆ ತಂದು, ಕಡೆದು, ಬೆಣ್ಣೆ ಸೇರಿಸುವುದು ಸ್ವಿಸ್ ಬಗೆ. ನುಣುಪಿನಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. ಎರಡರ ಕಷ್ಟವೂ ಒಂದೇ, ಬೆಣ್ಣೆ. ಮೂವತ್ತು ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು, ಮೂವತ್ತೈದರ ಹೊತ್ತಿಗೆ ಎಣ್ಣೆ. ಧಾರವಾಡದ ಏಪ್ರಿಲ್ ಮಧ್ಯಾಹ್ನ ಅದಕ್ಕೂ ಮೇಲೆ ಹೋಗುತ್ತದೆ. ಡಿಸೆಂಬರ್ ಮದುವೆಯೋ, ಮಡಿಕೇರಿಯ ಮದುವೆಯೋ, ಎಸಿ ಹಾಲ್ ಇದೆಯೋ, ಆಗ ನಾನು ಕಣ್ಣುಮುಚ್ಚಿ ಬಟರ್‌ಕ್ರೀಮ್ ಎನ್ನುತ್ತೇನೆ. ಏಪ್ರಿಲ್ಲಿನಲ್ಲಿ ಅಲ್ಲ.

ಗನಾಶ್ ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್. ಕೇಕ್ ಸುತ್ತ ಇದು ಗಾರೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ, ಚೂಪಾದ ಅಂಚು ಕೊಡುತ್ತದೆ. ಡಾರ್ಕ್ ಚಾಕೊಲೇಟಾದರೆ ಕ್ರೀಮಿನ ಎರಡರಷ್ಟು ತೂಕ, ವೈಟ್ ಚಾಕೊಲೇಟಾದರೆ ಮೂರರಷ್ಟು. ಬೇಸಿಗೆಯಲ್ಲಿ ಎರಡೂವರೆ ಮತ್ತು ನಾಲ್ಕಕ್ಕೆ ಏರಿಸಿ. ಇದಕ್ಕೆ 25 ಶೇಕಡಾ ಕೊಬ್ಬಿನ ಕ್ರೀಮ್ ಸಾಕು. ಕೋಕೋ ಬೆಣ್ಣೆಯ ಅಸಲಿ ಚಾಕೊಲೇಟೋ, ವನಸ್ಪತಿ ಕೊಬ್ಬಿನ ಕಾಂಪೌಂಡೋ ಎಂಬ ಪ್ರಶ್ನೆಗೆ ರುಚಿಯ ಉತ್ತರ ಒಂದು, ಸೆಕೆಯ ಉತ್ತರ ಇನ್ನೊಂದು. ನಾನು ಪದರಗಳ ನಡುವೆ ಅಸಲಿಯದನ್ನು, ಹೊರಗೋಡೆಗೆ ಕಾಂಪೌಂಡನ್ನು ಬಳಸುತ್ತೇನೆ. ಶುದ್ಧಾಚಾರದವರು ಮೂಗು ಮುರಿಯಲಿ, ಗೋಡೆ ನಿಲ್ಲುತ್ತದೆ.

ಫಾಂಡೆಂಟ್ ಸಕ್ಕರೆಯ ಲಟ್ಟಿಸುವ ಹಿಟ್ಟು. ರುಚಿಯಲ್ಲಿ ನಾಲ್ಕರಲ್ಲಿ ಕೊನೆಯದು, ಮೈ ನುಣುಪಿನಲ್ಲಿ ಮೊದಲನೆಯದು. ಮೆತ್ತಗಿರುವಾಗ ಅಚ್ಚೊತ್ತಬಹುದು, ಒಣಗಿದ ಮೇಲೆ ಅದರ ಮೇಲೆ ಬರೆಯಬಹುದು, ಸಕ್ಕರೆಯ ಎಳೆ ಎಳೆಯಬಹುದು. ಸೆಕೆ ತಡೆಯುತ್ತದೆ, ತೇವ ತಡೆಯುವುದಿಲ್ಲ. ಹಾಗಾಗಿ ಧಾರವಾಡ, ವಿಜಯಪುರ, ಕಲಬುರಗಿಯ ಒಣ ಸೆಕೆಗೆ ಸೈ. ಮಂಗಳೂರು, ಉಡುಪಿ, ಕಾರವಾರದ ಮೇ ತಿಂಗಳ ಜಿಗುಟಿಗೆ ಎಸಿ ಇಲ್ಲದೆ ಕೈ ಹಾಕಬೇಡಿ. ಫ್ರಿಜ್ಜಿನಿಂದ ತೆಗೆದ ಫಾಂಡೆಂಟ್ ಕೇಕ್ ಮೇಲೆ ಹನಿಗಟ್ಟುತ್ತದೆ. ರಟ್ಟಿನ ಪೆಟ್ಟಿಗೆಯೊಳಗೇ ಮುಚ್ಚಿಟ್ಟು ಹೊರಗಿನ ಬಿಸಿಗೆ ಬರಲು ಬಿಟ್ಟರೆ ಹನಿ ಪೆಟ್ಟಿಗೆಯ ಮೇಲೆ ಕೂರುತ್ತದೆ. ಆದರೂ ಹನಿಗಟ್ಟಿದರೆ ಮುಟ್ಟದೆ ಫ್ಯಾನ್ ಕೆಳಗಿಡಿ. ಒರೆಸಿದರೆ ಕಲೆ ಖಂಡಿತ.

ಈ ಮದುವೆಗೆ ನನ್ನ ತೀರ್ಮಾನ: ಒಳಗೆ ಗನಾಶ್ ಗೋಡೆ, ಮೇಲೆ 3–4 ಮಿಲಿಮೀಟರ್‌ಗೆ ಮೀರದ ತೆಳು ಫಾಂಡೆಂಟ್. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ ಸುಮಾರು ಮುಕ್ಕಾಲು ಕೆಜಿ ಫಾಂಡೆಂಟ್ ಬೇಕಾಗುತ್ತದೆ. ಇಷ್ಟವಿಲ್ಲದವರು ಅದನ್ನು ಸಿಪ್ಪೆ ಸುಲಿದಂತೆ ತೆಗೆದಿಟ್ಟು ಗನಾಶ್ ಸಮೇತ ಕೇಕ್ ತಿನ್ನುತ್ತಾರೆ, ಯಾರಿಗೂ ನಷ್ಟವಿಲ್ಲ.

ತತ್ತಿಯ ಪ್ರಶ್ನೆ

ಮಂಟಪದಲ್ಲಿ ಹಿರಿಯರೊಬ್ಬರು "ಇದರಾಗ ತತ್ತಿ ಹಾಕೀರೇನ್ರಿ?" ಎಂದು ಕೇಳಿಯೇ ಕೇಳುತ್ತಾರೆ. "ಇಲ್ರಿ ಅಜ್ಜಿ" ಎನ್ನುವ ಮುಂಚೆ ಸ್ಪಾಂಜಿನಾಚೆಗೂ ನೋಡಿ. ಎಗ್‌ಲೆಸ್ ಕೇಕ್ ಮಾಡಿ, ಮೇಲೆ ಗೆರೆ ಎಳೆಯಲು ಮೊಟ್ಟೆಯ ಬಿಳಿಗೆ ಐಸಿಂಗ್ ಶುಗರ್ ಕಲಸಿದ ರಾಯಲ್ ಐಸಿಂಗ್ ಬಳಸಿದರೆ ಮಾತು ಸುಳ್ಳಾಯಿತು. ಮೆರಿಂಗ್ ಪೌಡರ್ ಕೂಡ ಮೊಟ್ಟೆಯದೇ. ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಕಡೆದು ರಾಯಲ್ ಐಸಿಂಗ್ ಮಾಡಬಹುದು, ಗೆರೆ ಎಳೆಯಲು ಚೆನ್ನಾಗಿಯೇ ಬರುತ್ತದೆ. ಫಾಂಡೆಂಟ್ ಕೆಲವದರಲ್ಲಿ ಪ್ರಾಣಿಯ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ, ಮಾರ್ಷ್‌ಮೆಲ್ಲೋದಿಂದ ಮನೆಯಲ್ಲಿ ಮಾಡಿದರೂ ಅದೇ ತೊಡಕು. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೇ, ಕಂದು ತ್ರಿಕೋನವಿದೆಯೇ ನೋಡಿ ಕೊಳ್ಳಿ.

ಸ್ಪಾಂಜಿನ ವಿಷಯಕ್ಕೆ ಬಂದರೆ, ಅಂತಸ್ತಿನ ಕೇಕಿಗೆ ಮೃದುವಾದದ್ದು ಬೇಡ, ಭಾರ ಹೊರುವುದು ಬೇಕು. ಮೊಟ್ಟೆ ಹಾಕುವುದಾದರೆ ಬೆಣ್ಣೆ ಕೇಕ್, ಹಾಕದಿದ್ದರೆ ಕಂಡೆನ್ಸ್ಡ್ ಮಿಲ್ಕಿನ ಕೇಕ್. ಮೊಸರು-ಸೋಡದ ಎಗ್‌ಲೆಸ್ ಸ್ಪಾಂಜ್ ರುಚಿಯಾದರೂ ಪುಡಿಪುಡಿ, ಅದನ್ನು ಬಡಿಸುವ ಕೇಕಿಗೆ ಇಟ್ಟುಕೊಳ್ಳಿ. ಅನಾನಸ್, ತಾಜಾ ಹಣ್ಣು, ಹಾಲಿನ ಕ್ರೀಮ್ ಪದರಗಳ ನಡುವೆ ಬೇಡವೇ ಬೇಡ: ನೀರು ಬಿಡುತ್ತದೆ, ಸೆಕೆಗೆ ಹಳಸುತ್ತದೆ. ಕರಾವಳಿಯ ಕ್ರೈಸ್ತ ಮದುವೆಗಳ ಒಣಹಣ್ಣು-ಗೋಡಂಬಿಯ ಕೇಕ್ ಈ ಎಲ್ಲ ಪರೀಕ್ಷೆಯಲ್ಲೂ ಗೆಲ್ಲುತ್ತದೆ. ಗಟ್ಟಿ, ವಾರಗಟ್ಟಲೆ ಮೊದಲೇ ಮಾಡಿಡಬಹುದು, ಸೆಕೆಗೆ ಬಗ್ಗುವುದಿಲ್ಲ. ರಮ್ ಬೇಡದ ಮನೆಗೆ ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿದರಾಯಿತು, ಆದರೆ ಅಷ್ಟು ದಿನ ಇಡಲಾಗದು.

ಎಳೆ ಮೂಡಿಸುವ ನಾಲ್ಕು ದಾರಿ

ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ಕಸೂತಿಯಲ್ಲಿ ನಾಲ್ಕು ಹೊಲಿಗೆ. ಯಾವ ದಾರಿ ಹಿಡಿಯಬೇಕು ಎನ್ನುವುದು ನೀವು ಆರಿಸಿದ ಹೊಲಿಗೆಯ ಮೇಲಿದೆ.

ಗೆರೆಗೆ ಗೆರೆ ಸೇರುವ ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಓಡುವ ಮುರ್ಗಿ ಇವೆರಡಕ್ಕೂ ಕೈಯಿಂದ ಪೈಪಿಂಗ್ ಮಾಡುವುದೇ, ಅಂದರೆ ಚೀಲದಿಂದ ಐಸಿಂಗ್ ಹಿಂಡಿ ಗೆರೆ ಎಳೆಯುವುದೇ ಸರಿ. ಗ್ರಾಫ್ ಹಾಳೆಯನ್ನು ಇನ್ನೂ ಮೆತ್ತಗಿರುವ ಫಾಂಡೆಂಟ್ ಮೇಲಿಟ್ಟು ಮೂಲೆಗಳಿಗೆ ಗುಂಡುಸೂಜಿಯಿಂದ ಚುಚ್ಚಿ, ಹಾಳೆ ತೆಗೆದು, ಒಂದನೇ ನಂಬರ್ ನಾಝಲ್‌ನಿಂದ ಚುಕ್ಕೆಗೆ ಚುಕ್ಕೆ ಸೇರಿಸುತ್ತ ಹೋಗಿ. ಉದ್ದ ಗೆರೆ ಒಂದೇ ಉಸಿರಿಗೆ ಎಳೆಯಬೇಡಿ. ಅರ್ಧ ಸೆಂಟಿಮೀಟರಿನ ತುಂಡು ತುಂಡು ಹಾಕಿದರೆ ಕೈ ನಡುಗಿದ್ದೂ ಕಾಣುವುದಿಲ್ಲ, ಹೊಲಿಗೆಯಂತೆಯೂ ಇರುತ್ತದೆ.

ಬಿಡಿಬಿಡಿ × ಗುರುತುಗಳ ಮೆಂತಿಗೆ ಸ್ಟೆನ್ಸಿಲ್, ಅಂದರೆ ಚಿತ್ತಾರ ಕತ್ತರಿಸಿದ ಹಾಳೆ, ಹೇಳಿಮಾಡಿಸಿದ್ದು. ಹಾಳೆ ಹಿಡಿದು, ಗಟ್ಟಿ ಐಸಿಂಗ್ ಬಳಿದು ಎತ್ತಿದರೆ ಒಂದು ಸಾಲು ಮುಗಿಯಿತು. ಅದೇ ಸ್ಟೆನ್ಸಿಲ್ ಗವಂತಿಗೆ ಆಗದು: ಸುತ್ತಲೂ ಗೆರೆ ಕೂಡಿಕೊಂಡ ಚೌಕ ಕತ್ತರಿಸಿದರೆ ಒಳಗಿನ ತುಂಡೇ ಉದುರಿಹೋಗುತ್ತದೆ. ನಡುನಡುವೆ ಸೇತುವೆ ಬಿಡಬೇಕು, ಬಿಟ್ಟರೆ ಹೊಲಿಗೆ ಕಡಿದಂತೆ ಕಾಣುತ್ತದೆ.

ಸಕ್ಕರೆ ಹಾಳೆಯ ಮೇಲೆ ಮುದ್ರಿಸಿ ಅಂಟಿಸುವುದು ಮೂರನೆಯ ದಾರಿ. ನೇಯ್ದಂತೆ ಒತ್ತಾಗಿರುವ ನೇಯ್ಗಿಗೆ ಇದು ಉಳಿಸುವ ಸಮಯ ದೊಡ್ಡದು. ಹತ್ತಿರ ಹೋದರೆ ಮಾತ್ರ ಚಪ್ಪಟೆ. ಕುಂಚದಿಂದ ಬರೆಯುವುದು ನಾಲ್ಕನೆಯದು. ಬಣ್ಣವನ್ನು ನೀರಿನಲ್ಲಿ ಕಲಸಿದರೆ ಫಾಂಡೆಂಟ್ ಕರಗುತ್ತದೆ, ಬೇಗ ಆರುವ ಮದ್ಯಸಾರದ ಎಸೆನ್ಸ್‌ನಲ್ಲಿ ಕಲಸಬೇಕು. ಬಳುಕು ಗೆರೆಯ ಥೀಮಿಗೆ, ಉದಾಹರಣೆಗೆ ಮೈಸೂರು ಶೈಲಿಯ ಚಿತ್ರಕ್ಕೆ, ಕುಂಚ ಒಳ್ಳೆಯದು. ಕಸೂತಿಗೆ ನಾನು ಅದನ್ನು ಮುಟ್ಟುವುದಿಲ್ಲ, ಎಳೆಯ ಉಬ್ಬು ಇಲ್ಲದ ಕಸೂತಿ ನೋಡಲು ಸಪ್ಪೆ.

ಬಣ್ಣ ಎಲ್ಲಿ, ಎಷ್ಟು

ಇಳಕಲ್ ಎಂದರೆ ಗಾಢ ಬಣ್ಣ. ದಾಳಿಂಬೆ ಕೆಂಪು, ನವಿಲು ಹಸಿರು, ಗಿರಿ ಕುಂಕುಮ. ಕಸೂತಿ ಹಾಕುತ್ತಿದ್ದ ಚಂದ್ರಕಾಳಿ ಸೀರೆಯಂತೂ ಕಡು ಕಪ್ಪು. ಇದನ್ನೆಲ್ಲ ಕೇಕಿನ ಮೈಗೆ ತರಬೇಕಾದರೆ ಬಣ್ಣ ಸುರಿಯಬೇಕು. ನಾಲಗೆಗೆ ಕಹಿ, ಅತಿಥಿಗಳ ಹಲ್ಲೆಲ್ಲ ಕೆಂಪು. ಅದಕ್ಕಿಂತ ದೊಡ್ಡ ವಿಷಯ ಆರೋಗ್ಯದ್ದು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ಗಳ ಹೆಸರನ್ನು ಇಲಾಖೆಯೇ ಎತ್ತಿ ಹೇಳಿತು.

ಹಾಗಾದರೆ ಇಳಕಲ್ ಬಿಡಬೇಕೇ? ಬೇಡ, ತಿನ್ನದ ಜಾಗಕ್ಕೆ ಕಳಿಸಿ. ಮೂರು ಅಂತಸ್ತಿನಲ್ಲಿ ಒಂದು ಡಮ್ಮಿ, ಅಂದರೆ ನೋಡಲಷ್ಟೇ ಇಡುವ ಥರ್ಮಾಕೋಲಿನ ಕೇಕ್ ಆಗಿರಲಿ, ಗಾಢ ಕೆಂಪೆಲ್ಲ ಅದಕ್ಕೆ. ಇಳಕಲ್ ಸೆರಗಿನ ಕೆಂಪು ನೆಲದ ಮೇಲೆ ಬಿಳಿ ಟೋಪು ತೆನಿಯ ಚೂಪು ಸಾಲು ಇರುತ್ತದೆ. ಸ್ಟೆನ್ಸಿಲ್‌ಗೆ ಅದಕ್ಕಿಂತ ಸುಲಭದ್ದು ಸಿಗದು. ತಿನ್ನುವ ಎರಡು ಅಂತಸ್ತು ಹಾಲುಬಿಳಿಯಾಗಿರಲಿ, ಅದರ ಮೇಲೆ ಗಾಢ ಬಣ್ಣದ ಎಳೆ ಮಾತ್ರ ಬರಲಿ. ಎಳೆಗೆ ಬೇಕಾಗುವ ಬಣ್ಣ ಚಮಚದ ತುದಿಯಷ್ಟು. ಗಾಢ ಬಣ್ಣದ ಫಾಂಡೆಂಟ್ ಹಿಂದಿನ ದಿನವೇ ಕಲಸಿಡಿ, ರಾತ್ರಿ ಕಳೆದರೆ ಬಣ್ಣ ಇನ್ನಷ್ಟು ಏರುತ್ತದೆ. ಗನಾಶ್‌ಗೆ ಬಣ್ಣ ಸೇರಿಸುವುದಿದ್ದರೆ ಎಣ್ಣೆಯಲ್ಲಿ ಬೆರೆಯುವ ತಿನ್ನುವ ಬಣ್ಣವೇ ಬೇಕು.

ಜರಿಗೆ ಚಿನ್ನದ ಪುಡಿ ಕೊಳ್ಳುವಾಗ ಡಬ್ಬಿ ಓದಿ. "ವಿಷವಲ್ಲ" ಎಂದು ಬರೆದಿದ್ದರೆ ತಿನ್ನಬಹುದು ಎಂದಲ್ಲ, ತಿನ್ನಲು ಯೋಗ್ಯ ಎಂದೇ ಬರೆದಿರಬೇಕು.

ನಿಜವಾದ ಅಂತಸ್ತು, ಡಮ್ಮಿ, ಅಡುಗೆಮನೆಯ ಕೇಕ್

ಡಮ್ಮಿ ಎಂದರೆ ಕೆಲವರಿಗೆ ಮೋಸ ಎನಿಸುತ್ತದೆ. 1940ರಲ್ಲಿ ಯುದ್ಧದ ನಡುವೆ ಬ್ರಿಟನ್ ಕೇಕ್ ಮೇಲಿನ ಸಕ್ಕರೆ ಐಸಿಂಗನ್ನೇ ನಿಷೇಧಿಸಿದಾಗ ಅಲ್ಲಿನ ಮದುಮಕ್ಕಳು ರಟ್ಟಿನ, ಗಾರೆಯ ಕೇಕ್ ಚಿಪ್ಪನ್ನು ಬಾಡಿಗೆಗೆ ತಂದು, ಒಳಗೆ ಪುಟ್ಟ ಕೇಕ್ ಇಟ್ಟು ಮದುವೆಯಾದರು. ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರ್ ನಡೆಯುವ ಕೇಕ್ ಪ್ರದರ್ಶನದ ಆಳೆತ್ತರದ ಸಕ್ಕರೆ ಕಟ್ಟಡಗಳನ್ನೂ ಯಾರೂ ತಿನ್ನಲು ಹೋಗುವುದಿಲ್ಲ.

ಲೆಕ್ಕ ನೋಡಿ. ಮದುವೆಯ ಅಳತೆಯಲ್ಲಿ, ಅಂದರೆ 1×2 ಇಂಚಿನ ಹೋಳಾಗಿ ಕತ್ತರಿಸಿದರೆ, 4 ಇಂಚು ಎತ್ತರದ 6 ಇಂಚಿನ ಕೇಕ್ 12 ಜನಕ್ಕೆ, 8 ಇಂಚಿನದು 24 ಜನಕ್ಕೆ ಬರುತ್ತದೆ. ಎರಡೂ ಸೇರಿ 36. ಮುನ್ನೂರು ಜನರ ಆರತಕ್ಷತೆಗೆ ಅಂತಸ್ತಿನ ಮೇಲೆ ಅಂತಸ್ತು ಏರಿಸುವ ಬದಲು, ಅದೇ ರುಚಿಯ ಅಗಲದ ಕೇಕ್ ಮಾಡಿ ಅಡುಗೆಮನೆಯಲ್ಲಿಡಿ. 12×18 ಇಂಚಿನ ಒಂದು ಟ್ರೇಯನ್ನು 2 ಇಂಚಿನ ಚೌಕವಾಗಿ ಕತ್ತರಿಸಿದರೆ 54 ತುಂಡು. ಊಟದಲ್ಲಿ ಹೋಳಿಗೆಯೋ ಜಿಲೇಬಿಯೋ ಇದ್ದೇ ಇರುತ್ತದೆ, ಬಂದವರೆಲ್ಲ ಕೇಕ್ ತೆಗೆದುಕೊಳ್ಳುವುದಿಲ್ಲ. ಮಕ್ಕಳು ಮಾತ್ರ ಎರಡೆರಡು ಸಲ ಬರುತ್ತಾರೆ.

ಹಾಗಾಗಿ ಕೆಳಗೆ 10 ಇಂಚಿನ ಡಮ್ಮಿ, ನಡುವೆ 8, ಮೇಲೆ 6. ಡಮ್ಮಿ ಕೆಳಗಿದ್ದರೆ ಕುಸಿಯುವ ಭಯವಿಲ್ಲ, ಒಂದೆರಡು ವಾರ ಮುಂಚೆಯೇ ಮುಗಿಸಿ ಪಕ್ಕಕ್ಕಿಡಬಹುದು. ಅದನ್ನು ದಪ್ಪ ಬೋರ್ಡಿಗೆ ಅಂಟಿಸಲೇಬೇಕು, ಇಲ್ಲದಿದ್ದರೆ ಮೇಲಿನ ಭಾರಕ್ಕೆ ಜಾರುತ್ತದೆ. ಮೇಲಿನ ಎರಡೂ ತಮ್ಮ ತಮ್ಮ ಬೋರ್ಡಿನ ಮೇಲಿರಲಿ. 8 ಇಂಚಿನದರೊಳಗೆ ದಪ್ಪ ಸ್ಟ್ರಾ ಅಥವಾ ಮರದ ಕಡ್ಡಿ ನಾಲ್ಕೈದು ಸರಿಯಾಗಿ ಕೇಕಿನ ಎತ್ತರಕ್ಕೆ ಕತ್ತರಿಸಿ ನೆಡಿ. ಮೇಲಿನ ಭಾರ ಹೊರುವುದು ಅವು, ಸ್ಪಾಂಜ್ ಅಲ್ಲ.

ಹೂವಿನ ಬಗ್ಗೆ ಎರಡೇ ಮಾತು. ಕಸೂತಿ ಕೇಕಿಗೆ ಹೂವು ಅಗತ್ಯವೇ ಇಲ್ಲ. ಬೇಕೇ ಬೇಕೆಂದರೆ ಹಡಗಲಿ ಮಲ್ಲಿಗೆಯ ಒಂದು ದಂಡೆಯನ್ನು ಕೇಕ್ ಸ್ಟ್ಯಾಂಡಿನ ಸುತ್ತ ಇಡಿ, ಕೇಕ್ ಮೇಲಲ್ಲ. ಮಾರುಕಟ್ಟೆಯ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ. ಕಣಗಿಲೆಯಂತೂ ಬೇರಿನಿಂದ ಹೂವಿನವರೆಗೆ ವಿಷ, ಪೂಜೆಯ ಹೂಗಳ ಜೊತೆ ಸೇರಿ ಬಂದರೂ ಕೇಕಿನ ಹತ್ತಿರ ಸುಳಿಯಗೊಡಬೇಡಿ.

ಸಾಗಿಸುವುದು, ಒಪ್ಪಿಸುವುದು

ಜೋಡಿಸಿಕೊಂಡು ಒಯ್ಯುವುದೋ, ಅಲ್ಲಿಗೆ ಹೋಗಿ ಜೋಡಿಸುವುದೋ? ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರಷ್ಟೇ ಆದರೂ ನಾನು ಬಿಡಿಬಿಡಿಯಾಗಿ ಒಯ್ಯಲು ಹೇಳುತ್ತೇನೆ. ನಮ್ಮ ರಸ್ತೆಯ ಹಂಪ್‌ಗಳಿಗೆ ಕೇಕಿನ ಪರಿಚಯವಿಲ್ಲ. ಕಾರಿನ ಸೀಟು ಓರೆಯಾಗಿರುತ್ತದೆ, ಹಾಗಾಗಿ ಪೆಟ್ಟಿಗೆಗಳನ್ನು ಸಮತಟ್ಟಾದ ಡಿಕ್ಕಿಯಲ್ಲೋ ಸೀಟಿನ ಮುಂದೆ ಕಾಲಿಡುವ ಜಾಗದಲ್ಲೋ ಜಾರದ ಮ್ಯಾಟ್ ಹಾಸಿ ಇಡಿ. ಹೊರಡುವ ಮುಂಚೆಯೇ ಕಾರಿನ ಎಸಿ ಹಾಕಿ ತಂಪು ಮಾಡಿಕೊಳ್ಳಿ. ಎಸಿಯ ಗಾಳಿ ಡಿಕ್ಕಿಗೆ ತಲುಪದ ಕಾರಾದರೆ ಡಿಕ್ಕಿ ಬೇಡ. ಜೊತೆಗೆ ಸ್ವಲ್ಪ ರಾಯಲ್ ಐಸಿಂಗ್, ಅದೇ ನಾಝಲ್, ಒಂದು ತುಂಡು ಫಾಂಡೆಂಟ್, ಸಣ್ಣ ಕುಂಚ ಇರಲಿ.

ಮಂಟಪದಲ್ಲಿ ಕಿಟಕಿಯ ಬಿಸಿಲು, ದೀಪ, ಜನ ಓಡಾಡುವ ದಾರಿ ಮೂರನ್ನೂ ತಪ್ಪಿಸಿ ಮೇಜು ಹಾಕಿಸಿ. ಮೇಜು ಅಲುಗಾಡುತ್ತದೆಯೇ ಎಂದು ಕೇಕ್ ಇಡುವ ಮುಂಚೆ ನೋಡಿ. ವಿಡಿಯೋದವರಿಗೆ ಕತ್ತರಿಸುವುದು ನಡುವಿನ ಅಂತಸ್ತನ್ನು ಎಂದು ತಿಳಿಸಿಡಿ, ಇಲ್ಲವೆಂದರೆ ಮದುಮಕ್ಕಳ ಕೈಹಿಡಿದು ಥರ್ಮಾಕೋಲಿಗೇ ಚಾಕು ಹಾಕಿಸುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕು ಫಾಂಡೆಂಟನ್ನು ಒಡೆಯದೆ ಇಳಿಯುತ್ತದೆ.

ನೀವು ಊಟಕ್ಕೆ ಕೂತಾಗ ಕೇಕ್ ಬಿಡಿಸಿ ಬಡಿಸುವವರು ಕೇಟರಿಂಗ್ ಹುಡುಗರು. ಅವರಲ್ಲಿ ಒಬ್ಬನನ್ನು ಕರೆದು ತೋರಿಸಿ: ಮೊದಲು ಮೇಲಿನದನ್ನು ಬೋರ್ಡ್ ಸಮೇತ ಎತ್ತಬೇಕು, ನಡುವಿನದರೊಳಗೆ ಇಷ್ಟು ಕಡ್ಡಿ ಇವೆ, ಕತ್ತರಿಸುವ ಮುಂಚೆ ಅಷ್ಟನ್ನೂ ಎಣಿಸಿ ಹೊರತೆಗೆಯಬೇಕು, ಕೆಳಗಿನ ಕೆಂಪು ಕೇಕನ್ನು ಕತ್ತರಿಸಬಾರದು. ಕಡ್ಡಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು 8 ಇಂಚಿನ ಬೋರ್ಡಿನ ಅಂಚಿಗೆ ಅಂಟಿಸಿ.